ಅವ್ವ ಬಾರಿಸುತ್ತಿದ್ದ ಗಂಟೆ

ಟ್ಯೂಬ್ ರೈಲಿನಲ್ಲಿ ಪಕ್ಕದವರ ಒದ್ದೆ ಉಣ್ಣೆ ಕೋಟಿನ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಗ್ರೀನ್‌ಫರ್ಡ್‌ನ ನಮ್ಮ ಬೀದಿಯ ಚರ್ಚಿನ ಗೋಪುರ ನೆನಪಾಗುತ್ತದೆ. ಗಂಟೆಯ ಹಗ್ಗಕ್ಕೆ ಕೈ ಹಿಡಿಯುವ ಕಡೆ ಕೆಂಪು, ಬಿಳಿ, ನೀಲಿ ಉಣ್ಣೆ ಹೆಣೆದಿರುತ್ತಾರೆ. ಎಷ್ಟೋ ವರ್ಷಗಳ ಅಂಗೈ ಬೆವರು ಕುಡಿದ ಆ ಉಣ್ಣೆಗೆ ನೆನೆದ ಕಂಬಳಿಯ ವಾಸನೆಯಿತ್ತು. ಮಂಗಳವಾರ ಸಂಜೆ ಅಭ್ಯಾಸ ಮುಗಿಸಿ ಬಂದ ಅವ್ವ ಅದೇ ಕೈಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಷ್ಟು ತೊಳೆದರೂ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಆ ಮನೆ ಈಗ ನಮ್ಮದಲ್ಲ. ಅಡುಗೆಮನೆಯ ಹಿಂದಿನ ಗೋಡೆ ಒಡೆದು ಯಾರೋ ದೊಡ್ಡ ಗಾಜಿನ ಬಾಗಿಲು ಕೂರಿಸಿದ್ದಾರೆ.

ಅವ್ವ ಧಾರವಾಡದವಳು, ಇಲ್ಲಿ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಚರ್ಚಿಗೂ ನಮಗೂ ಏನೇನೂ ಸಂಬಂಧವಿರಲಿಲ್ಲ. ಆ ಗೋಪುರದಲ್ಲಿ ಆರು ಗಂಟೆಗಳು; ಆರು ಜನ ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು, ಚಿಕ್ಕದರಿಂದ ದೊಡ್ಡದರವರೆಗೆ ಒಂದರ ಹಿಂದೊಂದು ಬಾರಿಸಬೇಕು. ನನಗೆ ಒಂಬತ್ತು ವರ್ಷವಿದ್ದಾಗ ಆ ತಂಡದ ಒಬ್ಬ ಮುದುಕ ತೀರಿಕೊಂಡ. ಅವನಿಗೆ ಮರ್ಯಾದೆ ಎಂದು ಅವನ ಗಂಟೆಯನ್ನು ಮುಟ್ಟದೆ, ಐದನೆಯ ಜಾಗವನ್ನು ಖಾಲಿ ಬಿಟ್ಟು ಬಾರಿಸಿದರು. ಮರ್ಯಾದೆ ಒಂದು ವಾರದ್ದು. ಆಮೇಲೆ ಹಗ್ಗ ಹಿಡಿಯುವವರು ಸಿಗದೆ ತಿಂಗಳುಗಟ್ಟಲೆ ಹಾಗೆಯೇ ನಡೆಯಿತು: ನಾಲ್ಕು ಹೊಡೆತ, ಒಂದು ಖಾಲಿ, ಮತ್ತೊಂದು ಹೊಡೆತ. ಊರಿನ ಭಜನೆಯಲ್ಲಿ ತಾಳ ಹಾಕಿ ಬೆಳೆದ ಅವ್ವನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತಾಯಿತು.

"ತಾಳ ತಪ್ಪಿದ್ದನ್ನ ಎಷ್ಟ ವಾರಾ ಕೇಳ್ಕೋತ ಕೂಡೂದು?" ಎಂದು ಒಂದು ಭಾನುವಾರ ಚಪ್ಪಲಿ ಮೆಟ್ಟಿ ಹೊರಟಳು.

"ಊರ ಉಸಾಬರಿ ನಿನಗ್ಯಾಕ?" ಅಂದ ಅಪ್ಪ. ಅವಳು ಆಗಲೇ ಗೇಟು ದಾಟಿದ್ದಳು.

ತಂಡದ ಹಿರಿಯರು ಡೋರೀನ್ ಆಂಟಿ, ಬಸ್ಸು ಓಡಿಸಿ ನಿವೃತ್ತರಾದವರು. ಅವರು ಅವ್ವನ ಜಾತಿ ಧರ್ಮ ಕೇಳಲಿಲ್ಲ. ಕೈ ನೋಡಿದರು, ಚಪ್ಪಲಿ ನೋಡಿದರು, ಮಂಗಳವಾರ ಬೂಟು ಹಾಕಿಕೊಂಡು ಬಾ ಅಂದರು. ಬಾರಿಸುವ ಮೊದಲು ಅಲ್ಲಿ ಗಂಟೆಯನ್ನು ಬಾಯಿ ಮೇಲಾಗಿ ನಿಲ್ಲಿಸಿರುತ್ತಾರೆ, ಎಳೆದರೆ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಅದು ಮಿತಿ ಮೀರದಂತೆ ತಡೆಯಲು ಒಂದು ಮರದ ತುಂಡು. ಜೋರು ಹೆಚ್ಚಾದರೆ ಮರ ಮುರಿದು ಹಗ್ಗ ಸರ್ರನೆ ಮೇಲಕ್ಕೆ ಓಡುತ್ತದೆ. ಆಗ ಕೈ ಬಿಟ್ಟುಬಿಡಬೇಕು. ಮೂರನೆಯ ತಿಂಗಳಲ್ಲಿ ಅವ್ವ ಮರ ಮುರಿದಳು. ಎಲ್ಲರೂ ಬಿಡು ಬಿಡು ಎಂದು ಕೂಗಿದರೂ ಬಿಡಲಿಲ್ಲ. ಅಂಗೈ ಸುಲಿದುಹೋಯಿತು. ಇನ್ನು ಸಾಕು ಮಾಡು ಎಂದು ಅಪ್ಪ ರೇಗಿದರೆ, "ಹಿಡದದ್ದು ಹಂಗ ಬಿಡಾಕ ಬರ್ತದೇನು?" ಅಂದಳು. ನಾನೂ ಅಪ್ಪನೂ ಹತ್ತು ದಿನ ಬ್ರೆಡ್ಡು ತಿಂದೆವು. ಅವಳು ಮಾತ್ರ ಮುಂದಿನ ಮಂಗಳವಾರ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಹೋಗಿ ಬೆಂಚಿನ ಮೇಲೆ ಕೂತು ನೋಡಿ ಬಂದಳು. ವರ್ಷ ತುಂಬುವಷ್ಟರಲ್ಲಿ ಐದನೆಯ ಗಂಟೆ ಅವಳದಾಯಿತು. ಹನ್ನೆರಡು ತುಂಬಿದ ಮೇಲೆ ನನಗೂ ಎಲ್ಲಕ್ಕಿಂತ ಚಿಕ್ಕ ಗಂಟೆ ಸಿಕ್ಕಿತು.

ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವ್ವ ಹೋದಳು. ಆಸ್ಪತ್ರೆಯಲ್ಲಿ ಅವಳು ಪ್ರತಿ ವಾರ ಕೇಳುತ್ತಿದ್ದುದು ಒಂದೇ: "ಐದನೇದ್ದು ಯಾರು ಹಿಡದ್ರು?" ಕೊನೆಯ ವಾರ ನಾನು "ನೋಬಡಿ" ಎಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ, "ಖಾಲಿ ಬಿಡಬ್ಯಾಡ್ರಿ" ಅಂದಳು.

ಅವಳು ತೀರಿಕೊಂಡ ಎರಡನೆಯ ದಿನ ಡೋರೀನ್ ಆಂಟಿ ಮನೆಗೆ ಬಂದರು. ಈ ಭಾನುವಾರ ನಿನ್ನ ತಾಯಿಯ ಹಗ್ಗ ಯಾರೂ ಮುಟ್ಟುವುದಿಲ್ಲ, ಅವಳ ಜಾಗ ಖಾಲಿ ಬಿಡುತ್ತೇವೆ ಅಂದರು. ಪ್ರೀತಿಯಿಂದಲೇ ಅಂದರು, ಕಣ್ಣು ತುಂಬಿತ್ತು. ಅದುವರೆಗೆ ಅವರ ಮಾತು ಒಮ್ಮೆಯೂ ಮೀರದ ನಾನು ಆಗುವುದಿಲ್ಲ ಅಂದುಬಿಟ್ಟೆ. ಆ ಖಾಲಿ ಜಾಗ ತಡೆಯಲಾರದೇ ಅವ್ವ ನಿಮ್ಮ ಬಳಿಗೆ ಬಂದಿದ್ದು, ಆರೂ ಬಾರಿಸಬೇಕು ಅಂದೆ. ಅವರು ಕಣ್ಣೊರೆಸಿಕೊಂಡು, ಹಾಗಾದರೆ ಐದನೆಯದಕ್ಕೆ ಜನ ಹುಡುಕು ಅಂದರು. ಸಿಕ್ಕಸಿಕ್ಕ ಗೋಪುರಗಳಿಗೆಲ್ಲ ಫೋನು ಮಾಡಿದೆ. ಕೊನೆಗೆ ಸ್ಟ್ರಾಟ್‌ಫರ್ಡ್ ಕಡೆಯ ಒಬ್ಬ ಹೆಂಗಸು ಒಪ್ಪಿಕೊಂಡಳು. ಅಷ್ಟರಲ್ಲಿ ಕೆಂಟನ್‌ನ ಕಾಕಾ ಫೋನಿನಲ್ಲಿ ಅಪ್ಪನಿಗೆ ಹೇಳಿದರಂತೆ, ಸೂತಕದಲ್ಲಿ ಯಾವ ದೇವರ ಮೆಟ್ಟಿಲೂ ಹತ್ತಬಾರದೆಂದು. ಅಪ್ಪ ಫೋನು ಇಟ್ಟು ನನ್ನ ಕಡೆ ನೋಡಿದ. "ಹೋಗವ್ವಾ. ಆಕಿ ಇದ್ದಾಗನ ನಮ್ಮ ಮಾತು ಕೇಳಲಿಲ್ಲ, ಈಗ ಕೇಳ್ತಾಳೇನು?"

ಸಾವಿನ ವಾರದಲ್ಲಿ ಗಂಟೆಗಳ ನಾಲಗೆಯ ಒಂದು ಮಗ್ಗುಲಿಗೆ ಚರ್ಮ ಕಟ್ಟುತ್ತಾರೆ. ಒಂದು ಸುತ್ತು ಜೋರಾಗಿ ಮೊಳಗಿದರೆ ಮುಂದಿನದು ದೂರದೂರಿನಿಂದ ಬಂದ ಹಾಗೆ ಕೇಳುತ್ತದೆ. ಭಾನುವಾರ ನಾನು ಮೊದಲ ಹೊಡೆತ ಹೊಡೆದೆ. ಎರಡು, ಮೂರು, ನಾಲ್ಕು. ಅವ್ವನನ್ನು ಕಂಡೇ ಇರದ ಆ ಹೆಂಗಸು ಐದನೆಯದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದರ ಜಾಗದಲ್ಲಿ ಇಟ್ಟಳು. ಕಣ್ಣೀರಿನಲ್ಲಿ ಬೇರೆಯವರ ಹಗ್ಗ ಕಾಣದೆ ನಾನು ಬರೀ ಕಿವಿಯ ಮೇಲೆ ಬಾರಿಸಿದೆ. ಒಂದು ಸಲವೂ ತಪ್ಪಲಿಲ್ಲ.

ಕೆಳಗಿಳಿದಾಗ ಅಪ್ಪ ಫುಟ್‌ಪಾತಿನ ಮೇಲೆ ನಿಂತಿದ್ದ. "ಎಲ್ಲಾ ಬರೋಬರಿ ಇತ್ತು. ಕೇಳಿದವರಿಗೆ ಆರರಾಗ ಒಬ್ಬಾಕಿ ಇಲ್ಲಂತ ಗೊತ್ತಾಗೂದಿಲ್ಲ" ಅಂದ. ನಾನು ಹಟ ಹಿಡಿದು ಕೇಳಿದ್ದೂ ಅದನ್ನೇ. ಅವ್ವ ಇನ್ನು ಬರುವುದಿಲ್ಲ ಎಂದು ನನಗೆ ತಿಳಿದದ್ದು ಆ ಮಾತು ಕೇಳಿದಾಗ.