ಅಂಚು ಇದ್ದ ಜಾಗದ ಗೆರೆ

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿತ್ತು. ಫೇಲಾಗಿ ಬಿಟ್ಟವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳದವರಿಗೂ ಇದನ್ನು ಹೇಳುತ್ತೇನೆಂದು ಮನೆಯವರು ನಗುತ್ತಾರೆ. ನಗಲಿ.

ಇವತ್ತು ಅದೆಲ್ಲ ನೆನಪಾಗಲು ಕಾರಣ ರಂಗೋಲಿ ಪುಡಿ. ಬೆಳಿಗ್ಗೆ ರಿಪ್ಪನ್‌ಪೇಟೆಯ ಅಂಗಡಿಯಲ್ಲಿ ಎರಡು ಮೂಟೆ ಬಿಳಿ ಪುಡಿ ಕೊಂಡು ಟ್ರ್ಯಾಕ್ಟರಿಗೆ ಹಾಕಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, "ಎಂತ ಅಣ್ಣಾ, ನಿಮ್ಮನೆಗೆ ಎಷ್ಟು ಬಾಗ್ಲು?" ಅಂದರು. "ಬಾಗ್ಲು ಒಂದೇ ಅಕ್ಕಾ, ಅಂಗಳ ಸ್ವಲ್ಪ ದೊಡ್ಡದು" ಎಂದೆ. ಮೂಟೆಯ ಬಾಯಿ ಬಿಚ್ಚಿ ನೋಡುವಾಗ ಒಣ ಕಲ್ಲಿನ ವಾಸನೆ ಮೂಗಿಗೆ ಬಂತು. ಆ ವಾಸನೆ ಬಂದರೆ ನನಗೆ ಹಬ್ಬದ ನೆನಪಾಗುವುದಿಲ್ಲ. ನೆನಪಾಗುವುದು ನಮ್ಮ ಗದ್ದೆಯ ಅಂಚು, ಅದರ ಮೇಲೆ ಕೂತ ಅಪ್ಪ.

ಅಂಚು ಎಂದರೆ ಗೊತ್ತಲ್ಲ, ಒಬ್ಬನ ಗದ್ದೆಗೂ ಇನ್ನೊಬ್ಬನ ಗದ್ದೆಗೂ ನಡುವಿನ ಮಣ್ಣಿನ ದಂಡೆ. ನಮ್ಮ ಕಡೆ ಅಣ್ಣತಮ್ಮಂದಿರು ಮಾತು ಬಿಡುವುದು ಹೆಚ್ಚಾಗಿ ಅದರ ದೆಸೆಯಿಂದಲೇ. ವರ್ಷಕ್ಕೆ ಎರಡು ಬೆರಳು ಕೆತ್ತಿದರೂ ಸಾಕು, ಮೊಮ್ಮಕ್ಕಳ ಕಾಲಕ್ಕೆ ಒಂದು ಸಾಲು ಸಸಿ ಆಚೆಯವನ ಪಾಲು. ನಮ್ಮ ಅಂಚಿನ ಆಚೆ ಇದ್ದದ್ದು ಗೌಡರ ಮನೆಯ ಗದ್ದೆ. ಈಚೆಯದೂ ಮೊದಲು ಅವರದ್ದೇ. ನಮ್ಮಜ್ಜ, ಅಪ್ಪ ಗೇಣಿಗೆ ಮಾಡುತ್ತಿದ್ದರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ಅಪ್ಪ ಅರ್ಜಿ ಹಾಕಿದ. ವಿಚಾರಣೆಗೆಂದು ಅವನು ಹೊಸನಗರಕ್ಕೆ ಅಲೆಯುವಾಗ ಎತ್ತಿನ ಹಿಂದೆ ನಿಲ್ಲುವವರು ಬೇಕಿತ್ತು, ನಾನು ನಿಂತೆ. ಗದ್ದೆ ನಮ್ಮದಾಯಿತು. ಅಪ್ಪ ಮಾಡಿದ ಮೊದಲ ಕೆಲಸವೇ ಆ ಅಂಚು ಹಾಕಿದ್ದು. ಎರಡು ತುದಿಗೆ ಸರ್ವೆಯವರು ಬಾಂದುಕಲ್ಲು ನೆಟ್ಟಿದ್ದರು. ನಡುವೆ ಅಪ್ಪ ಮಣ್ಣು ಹೊತ್ತು, ಮೆಟ್ಟಿ, ಗೋಡೆಯ ಹಾಗೆ ಮಾಡಿದ.

ಗೌಡರ ಮಗ ರಾಜಪ್ಪ ನನ್ನ ಬೆಂಚಿನವನು. ಶಾಲೆಯಲ್ಲಿ ನನಗೆ ಅವನು ರಾಜು. ಶಾಲೆ ಬಿಟ್ಟ ಮೇಲೆ, ಯಾವತ್ತು ಎಂದು ನೆನಪಿಲ್ಲ, ರಾಜಪ್ಪ ಗೌಡ್ರು ಆದರು. ಅವರು ಡಿಗ್ರಿ ಮಾಡಿ ಬಂದು ಜಮೀನು ನೋಡಿಕೊಂಡರು. ನಾನು ದುಡಿದೆ. ಅಂಚಿನ ಆಚೆ ಈಚೆ ನಿಂತು ಮಳೆಯ ಮಾತಾಡುತ್ತಿದ್ದೆವು, ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ.

ಹೀಗಿರುವಾಗ, ಕೆಲವು ವರ್ಷಗಳ ಹಿಂದೆ ಒಂದು ದಿನ ನನ್ನ ಮಗಳು ಸವಿತಾ ಮೊಟ್ಟೆಯಾಕಾರದ ಚೆಂಡೊಂದನ್ನು ಕಂಕುಳಲ್ಲಿ ಹಿಡಿದು ಮನೆಗೆ ಬಂದಳು. ರಗ್ಬಿಯಂತೆ. ಚೆಂಡು ಹಿಡಿದು ಓಡಬೇಕು, ಎದುರಿನವರು ತಬ್ಬಿ ಕೆಡವುತ್ತಾರೆ, ಕೈಯಿಂದ ಕೊಡುವುದಾದರೆ ಹಿಂದಿನವರಿಗೇ ಕೊಡಬೇಕು, ಮುಂದಕ್ಕೆ ಕೊಟ್ಟರೆ ತಪ್ಪು. ನನಗೆ ತಲೆಬುಡ ತಿಳಿಯಲಿಲ್ಲ. ಜಗಲಿಯಲ್ಲಿ ಕೂತ ಅಪ್ಪ, "ಸಸಿ ನೆಟ್ಟಿ ಮಾಡೋರೂ ಹಿಂದಕ್ಕೇ ಹೋಗ್ತಾರಲ್ಲ, ಗದ್ದೆ ಮುಗಿಯಲ್ವಾ?" ಎಂದ. ಅಷ್ಟೇ. ಅವನಿಗೆ ಆಟ ಅರ್ಥವಾಯಿತು.

ಕಲಿಸುತ್ತಿದ್ದವರು ಶೈಲಾ ಟೀಚರ್, ಪೇಟೆಯ ಒಂದು ಶಾಲೆಯ ಪಿ.ಟಿ. ಮೇಡಂ. ಶಾಲೆಯ ಅಂಗಳ ಕ್ರಿಕೆಟ್ಟಿನವರ ಪಾಲಾಗಿತ್ತು. "ನೂರು ಮೀಟರ್ ಉದ್ದ ಬೇಕು ಅಣ್ಣಾ, ಕಲ್ಲಿರಬಾರದು, ಬಿದ್ರೆ ಮಣ್ಣು ಮೆತ್ತಗಿರಬೇಕು" ಎಂದು ಊರೆಲ್ಲ ನೋಡಿ ಕೊನೆಗೆ ನಮ್ಮ ಬಯಲಿಗೆ ಬಂದರು. ಕುಯ್ಲು ಮುಗಿದ ಗದ್ದೆ. ನನ್ನದು ಅರ್ಧ ಉದ್ದ, ಗೌಡರದ್ದು ಅರ್ಧ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ಅವರವರ ಗದ್ದೆಯೊಳಗಿನ ಸಣ್ಣ ಅಂಚುಗಳನ್ನು ಒಡೆಯಲು ಯಾರ ಅಪ್ಪಣೆಯೂ ಬೇಡ. ನಡುವಿನದ್ದು ಹಾಗಲ್ಲ. ಗೌಡರ ಮಗಳು ನಿಶಾಳೂ ಅದೇ ತಂಡದಲ್ಲಿದ್ದಳು. ಅವಳು ತನ್ನ ಮನೆಯಲ್ಲಿ ಹಟ ಹಿಡಿದಳು, ಇವಳು ಇಲ್ಲಿ.

ಗೌಡರು ಅಂಚಿನ ಆಚೆ ನಿಂತು ಕೇಳಿದರು. "ಒಡೆದ್ರೆ ಮತ್ತೆ ಎಲ್ಲಿ ಹಾಕ್ತೀಯ ಮಾರಾಯ?"

"ಇದ್ದಲ್ಲೇ ಹಾಕ್ತೀನಿ ಗೌಡ್ರೇ. ನೀವು?"

ಅವರು ತುದಿಯ ಬಾಂದುಕಲ್ಲಿನ ಕಡೆ ಒಮ್ಮೆ ನೋಡಿ ಮನೆಯ ದಾರಿ ಹಿಡಿದರು. ಕೇಳಬಾರದ್ದನ್ನು ಕೇಳಿದೆ ಎನಿಸಿತು. ನಿಜ ಹೇಳಬೇಕೆಂದರೆ ನನಗೇ ಮನಸ್ಸಿರಲಿಲ್ಲ. ನನ್ನ ಓದು ಹೋದದ್ದು ಆ ಮಣ್ಣಿನೊಳಗೆ. ಮಕ್ಕಳ ಆಟಕ್ಕೆಂದು ಅದನ್ನು ಕೆಡವುವುದೇ?

ರಾತ್ರಿ ಊಟದ ಹೊತ್ತಿಗೆ ಅಪ್ಪನೇ ಮಾತು ತೆಗೆದ. "ಒಡಿ. ಆದ್ರೆ ಮೊದಲು ನಾವು ಮುಟ್ಟೂದಲ್ಲ. ನಾವು ಕಡಿದ್ರೆ ಒತ್ತುವರಿ ಅಂತಾರೆ. ಮೊದಲ ಗುದ್ದಲಿ ಆ ಮನೆಯದ್ದಾಗ್ಲಿ. ಆಳಿನ ಕೈಯಲ್ಲಲ್ಲ, ಗೌಡ್ರೇ ಬರಬೇಕು."

ನಾನು ಹೋಗಿ ಹೇಳಿದೆ. ಗೌಡರು "ನೋಡಣ" ಎಂದರು. ಬರುವುದಿಲ್ಲ ಎಂದೇ ಲೆಕ್ಕ ಹಾಕಿದೆ. ಆ ಮನೆಯವರು ಗದ್ದೆಗೆ ಇಳಿದದ್ದು ಕೊಡೆ ಹಿಡಿದು, ಗುದ್ದಲಿ ಹಿಡಿದಲ್ಲ.

ಹೇಳಿದ ದಿನ ಬೆಳಿಗ್ಗೆ ಹುಡುಗಿಯರೆಲ್ಲ ಬೂಟು ಕೈಯಲ್ಲಿ ಹಿಡಿದು ರಸ್ತೆಯ ಪಕ್ಕ ಕಾದು ನಿಂತರು. ನನ್ನ ಟ್ರ್ಯಾಕ್ಟರು ಸ್ಟಾರ್ಟಿನಲ್ಲೇ ನಿಂತಿತ್ತು. ಅಪ್ಪ ಅಡಿಕೆ ಹಾಳೆಯ ಟೋಪಿ ಹಾಕಿಕೊಂಡು ಅಂಚಿನ ಮೇಲೆ ಕೂತಿದ್ದ. ಬಿಸಿಲು ಏರಿತು. ಶೈಲಾ ಟೀಚರ್ ನನ್ನ ಮುಖ ನೋಡಿದರು, ನಾನು ಟ್ರ್ಯಾಕ್ಟರ್ ಆಫ್ ಮಾಡಿದೆ. ಆಗ ಗೌಡರು ಆಚೆಯಿಂದ ಬಂದರು. ಬಿಳಿ ಪಂಚೆ ಮೇಲೆತ್ತಿ ಕಟ್ಟಿದ್ದರು, ಹೆಗಲ ಮೇಲೆ ಗುದ್ದಲಿ. ಅದರ ಕಾವಿನ ಮೇಲೆ ಅಂಗಡಿಯ ಚೀಟಿ ಹಾಗೇ ಇತ್ತು.

"ಅಂಗಡಿಯಿಂದ ಸೀದಾ ಬಂದ್ರಾ ಗೌಡ್ರೇ?" ಎಂದ ಅಪ್ಪ.

"ಮನೇಲಿರೋ ಗುದ್ದಲಿಯೆಲ್ಲ ಆಳುಗಳದ್ದು. ನನ್ನದು ಅಂತ ಒಂದಿರ್ಲಿಲ್ಲ ಶೀನಣ್ಣ."

ಆ ಮನೆಯವರ ಬಾಯಲ್ಲಿ ಅಪ್ಪ ಯಾವತ್ತೂ ಬರೀ ಶೀನ. ಆ ಹೆಸರಿಗೆ ಅಣ್ಣ ಸೇರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಕೇಳಿಸದವನ ಹಾಗೆ ಎದ್ದು ಪಕ್ಕಕ್ಕೆ ನಿಂತ. ಗೌಡರು ಗುದ್ದಲಿ ಎತ್ತಿ ಹಾಕಿದರು. ಗಟ್ಟಿ ಮಣ್ಣು, ಹುಲ್ಲಿನ ಬೇರು. ಗುದ್ದಲಿ ಪುಟಿದು ಬಂತು. "ಎಡಗಾಲು ಹಿಂದೆ ತಗೊಳ್ಳಿ, ಬೆರಳು ಹೋದೀತು" ಎಂದ ಅಪ್ಪ. ಆಮೇಲೆ ಹಲ್ಲಿಲ್ಲದ ಬಾಯಲ್ಲಿ ನಗುತ್ತ, "ಸುಲಭಕ್ಕೆ ಬಿಡ್ತದಾ? ನಾನು ಮೆಟ್ಟಿದ್ದು!" ಎಂದ. ಮೂರನೆಯದೋ ನಾಲ್ಕನೆಯದೋ ಏಟಿಗೆ ಒಂದು ಹೆಂಟೆ ಎದ್ದಿತು. ಅಪ್ಪ ಅದನ್ನು ಎತ್ತಿ ಕೈಯಲ್ಲೇ ಪುಡಿ ಮಾಡಿ ಎರಡೂ ಕಡೆಗೆ ಚೆಲ್ಲಿದ. ನಾನು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದೆ. ಮುಖ ಆಚೆ ತಿರುಗಿಸಲು ನನಗೊಂದು ಕೆಲಸ ಬೇಕಿತ್ತು.

ಅಂಚು ಇದ್ದ ಜಾಗ ಮೈದಾನದ ಸರಿಯಾದ ನಡುಗೆರೆಯಾಯಿತು. ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಹಗ್ಗ ಹಿಡಿದು ಎಳೆದೆವು, ಆ ತುದಿಯಲ್ಲಿ ಗೌಡರು, ಈ ತುದಿಯಲ್ಲಿ ನಾನು. ಬುದ್ಧಿವಂತಿಕೆ ಮಾಡಿ ನಾನು ಗದ್ದೆಗೆ ಹಾಕುವ ಸುಣ್ಣವನ್ನೇ ಸುರಿದಿದ್ದೆ. ಹುಡುಗಿಯರ ಮೊಣಕಾಲು ಕೆಂಪಾಗಿ ಉರಿದು ಟೀಚರ್ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡೆ. ರಂಗೋಲಿ ಬಂದದ್ದು ಆಮೇಲೆ.

ಮೊದಲ ವಾರವೇ ಆ ಗೆರೆಯ ಹತ್ತಿರ ಸವಿತಾ ನಿಶಾಳ ಸೊಂಟಕ್ಕೆ ಬಿದ್ದು ಅವಳನ್ನು ಮಣ್ಣಿಗೆ ಕೆಡವಿದಳು. ನಾನು ಎದ್ದು ನಿಂತೆ. ನಮ್ಮ ಮನೆಯ ಹುಡುಗಿ ಗೌಡರ ಮನೆಯ ಹುಡುಗಿಯನ್ನು ಎಲ್ಲರೆದುರು ಮಣ್ಣು ಮುಕ್ಕಿಸಿದ್ದಳು. ಆಚೆ ಗೌಡರೂ ಎದ್ದು ನಿಂತಿದ್ದರು. ನಿಶಾ ಬಾಯಲ್ಲಿದ್ದ ಮಣ್ಣು ಉಗಿದು, "ಇನ್ನೊಂದ್ಸಲ ಹಿಡಿ ನೋಡಣ, ಕತ್ತೆ!" ಎಂದಳು. ಇವಳು ಹಿಡಿದಳು. ನಾವಿಬ್ಬರೂ ಮೆಲ್ಲಗೆ ಕೂತೆವು.

ಆ ವರ್ಷ ಆಡಲು ಎದುರಿಗೆ ತಂಡವೇ ಇರಲಿಲ್ಲ, ತಮ್ಮತಮ್ಮಲ್ಲೇ ಪಾಲಾಗಿ ಆಡಿಕೊಂಡರು. ಈಗ ಸಾಗರದಿಂದ ಬರುತ್ತಾರೆ, ತೀರ್ಥಹಳ್ಳಿಯಿಂದ ಬರುತ್ತಾರೆ, ಹೊಸನಗರದಲ್ಲಿ ಹುಡುಗರದ್ದೂ ಒಂದು ತಂಡವಾಗಿದೆ. ಕ್ರಿಕೆಟ್ಟಿಗೆ ಸೇರುವ ಜನ ಸೇರುವುದಿಲ್ಲ, ಸುಳ್ಳೇಕೆ ಹೇಳಲಿ. ಆದರೆ ರಸ್ತೆಯಲ್ಲಿ ಹಾಲಿನ ಕ್ಯಾನ್ ಇಳಿಸಿ ನಿಂತವರೂ, "ಮುಂದಕ್ ಹೋತು, ಮುಂದಕ್ ಹೋತು!" ಎಂದು ರೆಫರಿಗಿಂತ ಮೊದಲೇ ಕೂಗುತ್ತಾರೆ.

ಮಳೆಗಾಲದ ಮೊದಲು ಪ್ರತಿ ವರ್ಷ ಅಂಚು ಮತ್ತೆ ಹಾಕುತ್ತೇವೆ. ಭತ್ತಕ್ಕೆ ನೀರು ನಿಲ್ಲಬೇಕಲ್ಲ. ಕುಯ್ಲಾದ ಮೇಲೆ ಮತ್ತೆ ಒಡೆಯುತ್ತೇವೆ, ಮೊದಲ ಗುದ್ದಲಿ ಗೌಡರದ್ದೇ. ಎರಡನೆಯ ಸಲ ಹಾಕಿದ ಅಂಚನ್ನು ಅಪ್ಪ ಕೋಲೂರಿ ನಡೆದು ನೋಡಿದ, "ಮಣ್ಣು ಸಾಲದು" ಎಂದ. ಆ ಮಳೆಗಾಲದಲ್ಲೇ ಹೋದ. ಅಂಚು ಹಾಕುವಾಗಲೂ ಗೆರೆ ಎಳೆಯುವಾಗಲೂ ಗೌಡರು ನನ್ನ ಹಗ್ಗದ ಮೇಲೆ ಕಣ್ಣಿಡುತ್ತಿದ್ದರು, ನಾನು ಅವರ ಹಗ್ಗದ ಮೇಲೆ. ಅದನ್ನು ಮರೆಮಾಚುವುದಿಲ್ಲ.

ಇವತ್ತು ಮೂಟೆ ಇಳಿಸಿ ಫೋನು ಮಾಡಿದೆ. "ಬರ್ತೀರಾ ಗೌಡ್ರೇ? ನಾಳೆ ಸಾಗರದವರು ಬರ್ತಾರೆ, ಗೆರೆ ಎಳೀಬೇಕು." ಆಚೆಯಿಂದ, "ನೀನೇ ಎಳ್ಕ ಮಾರಾಯ. ನನ್ನ ಕಲ್ಲು ನಿಂಗೆ ಗೊತ್ತಲ್ಲ" ಎಂದರು.

ಗೌಡರು ಹಿಡಿಯುತ್ತಿದ್ದ ಆ ತುದಿಯ ಕಲ್ಲಿಗೆ ನಾನೇ ಹೋಗಿ ಹಗ್ಗ ಕಟ್ಟಿದೆ. ಈಚೆ ಬಂದು ಬಿಗಿದೆ. ಗದ್ದೆಯಲ್ಲಿ ಯಾರೂ ಇರಲಿಲ್ಲ. ಸರಿಯಿಲ್ಲವೆನಿಸಿತು, ಮತ್ತೆ ಆಚೆ ಹೋಗಿ ನೋಡಿದೆ, ಬಿಚ್ಚಿ ಕಟ್ಟಿದೆ. ಗೌಡರು ಎದುರಿಗೆ ನಿಂತಾಗ ಇಷ್ಟು ಕಷ್ಟವಾಗಿರಲಿಲ್ಲ. ಪುಡಿ ಸುರಿದು ಮುಗಿಸುವಾಗ ಬೆನ್ನು ಹಿಡಿದುಕೊಂಡಿತ್ತು. ತಿರುಗಿ ನೋಡಿದರೆ ಗೆರೆ ಕಲ್ಲಿನಿಂದ ಕಲ್ಲಿಗೆ ನೆಟ್ಟಗೆ ಹೋಗಿತ್ತು.

ಈಗ ನನಗೆ ಇರುವುದು ಇಷ್ಟು: ಒಂದು ಟ್ರ್ಯಾಕ್ಟರು, ಒಂದು ಟಿಲ್ಲರು, ಹೆಂಚಿನ ಮನೆ, ಹೆಂಡತಿ, ಒಬ್ಬ ಮಗಳು, ಅಪ್ಪನ ಗುದ್ದಲಿ, ಅರ್ಧ ರಗ್ಬಿ ಮೈದಾನ.