ಗೊಂಬೆ ಸುತ್ತಿದ ಕಾಗದದಲ್ಲಿ ಅಕ್ಕನ ಕಥೆ

ನನ್ನ ಅಕ್ಕ ಬರೆದ ಕಥೆಯನ್ನು ಹುಡುಕಿಕೊಂಡು ಬಂದವರಿಗೆ ನಾನು 'ಗೊತ್ತಿಲ್ಲ' ಎಂದು ಹೇಳಿ ಕಳಿಸಿದೆ. ಗೊತ್ತಿತ್ತು. ಯಾರು ಬರೆದದ್ದು, ಯಾವ ಮೂಲೆಯಲ್ಲಿ ಕೂತು ಬರೆದದ್ದು, ಅದಕ್ಕೆ ಏನು ಗತಿಯಾಯಿತು — ಎಲ್ಲ ಗೊತ್ತಿತ್ತು. ಅಷ್ಟೇ ಅಲ್ಲ, ಬರೆದವಳು ಆ ಹೊತ್ತಿನಲ್ಲಿ ನನ್ನ ಬೆನ್ನ ಹಿಂದಿನ ಬಾಗಿಲಾಚೆ, ನಡುಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಳು. ಒಂದು ಸಲ ಕೂಗಿದ್ದರೆ ಎದ್ದು ಬರುತ್ತಿದ್ದಳು. ನಾನು ಕೂಗಲಿಲ್ಲ.

ಗೊಂಬೆ ಮಾರುವವನು ಮೊದಲು ಬಣ್ಣ ತೋರಿಸುತ್ತಾನೆ, ಬಿರುಕನ್ನು ಆಮೇಲೆ. ಇಲ್ಲಿ ಹಾಗೆ ಮಾಡಬಾರದೆಂದೇ ಬಿರುಕನ್ನು ಮೊದಲು ತೋರಿಸಿದ್ದೇನೆ. ಉಳಿದದ್ದು ಹೇಳುತ್ತೇನೆ, ಕೇಳಿ.

ಚನ್ನಪಟ್ಟಣದಲ್ಲಿ ಮೈಸೂರು ರಸ್ತೆಗೆ ಮುಖ ಮಾಡಿ ನಮ್ಮ ಅಪ್ಪನ ಗೊಂಬೆ ಅಂಗಡಿ. ಹಿಂದೆ ಮನೆ. ಅರಗಿನ ಬಣ್ಣದ ಮರದ ಗೊಂಬೆ ಒಂದಕ್ಕೊಂದು ತಾಗಿದರೆ ಗೀಚು ಬೀಳುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಕಾಗದದಲ್ಲಿ ಸುತ್ತಿ ಕೊಡಬೇಕು. ಅದಕ್ಕೆಂದು ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ಅಪ್ಪ ತೂಕಕ್ಕೆ ಕೊಂಡು ತಂದು ಮೂಲೆಯಲ್ಲಿ ಒಟ್ಟುತ್ತಿದ್ದ. ನಾವು ಹಾಳೆ ಹರಿದು ಸುತ್ತುತ್ತಿದ್ದೆವು. ಪದ್ಮಕ್ಕ ಮಾತ್ರ ಹರಿಯುವ ಮೊದಲು ಓದುತ್ತಿದ್ದಳು. ಎಷ್ಟೋ ಕಥೆಗಳಿಗೆ ತಲೆ ಇರುತ್ತಿರಲಿಲ್ಲ, ಎಷ್ಟಕ್ಕೋ ಬಾಲ ಇರುತ್ತಿರಲಿಲ್ಲ. ಇಲ್ಲದ್ದನ್ನು ಅವಳೇ ಕಟ್ಟಿ ನನಗೆ ಹೇಳುತ್ತಿದ್ದಳು. ಎಲ್ಲಿ ಪತ್ರಿಕೆಯದ್ದು ಮುಗಿದು ಎಲ್ಲಿ ಅಕ್ಕನದ್ದು ಶುರುವಾಯಿತು ಎಂದು ನನಗೆ ಒಂದು ದಿನವೂ ತಿಳಿದದ್ದಿಲ್ಲ.

ಹಾಗೆ ಓದಿ ಓದಿ ಅವಳು ಒಂದು ಕಥೆ ಬರೆದಳು. ಎಪ್ಪತ್ತರ ದಶಕದ ಮಾತು, ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಮನುಷ್ಯರು ಚಂದ್ರನ ಮೇಲೆ ಇಳಿದು ಬಂದಿದ್ದ ಕಾಲ. ನಮ್ಮ ಬೀದಿಯಲ್ಲಿ ಅರ್ಧ ಜನ ಅದನ್ನು ನಂಬಿರಲಿಲ್ಲ. ಕಥೆಯಲ್ಲಿ ನಮ್ಮಂಥದ್ದೇ ಊರಿನ ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ. ಅವಳ ತಮ್ಮ ಒಬ್ಬನೇ ಒಂದು ಹಡಗಿನಲ್ಲಿ ನಕ್ಷತ್ರದ ಕಡೆ ಹೊರಟಿದ್ದಾನೆ. ದಿನವೂ ಮಾತು. ಹಡಗು ದೂರ ಹೋದಷ್ಟೂ ಉತ್ತರ ತಡವಾಗುತ್ತದೆ. ಮೊದಮೊದಲು ಒಂದು ಉಸಿರಿನಷ್ಟು ತಡ. ಆಮೇಲೆ 'ಊಟ ಆಯ್ತೇನೋ?' ಎಂದು ಕೇಳಿ, ನೀರು ತುಂಬಿಸಿಕೊಂಡು ಬಂದರೆ ಉತ್ತರ ಬಂದಿರುತ್ತದೆ. ಇನ್ನೂ ಆಮೇಲೆ ಯುಗಾದಿಗೆ ಕೇಳಿದರೆ ದೀಪಾವಳಿಗೆ 'ಆಯ್ತಕ್ಕ, ನಿಂದು?' ಎಂಬ ಉತ್ತರ.

ಒಂದು ಮಾಸಪತ್ರಿಕೆಯವರು ಅದನ್ನು ಅಚ್ಚು ಹಾಕಿದರು. 'ತಮ್ಮನ ಕರೆ', ಕೆಳಗೆ ಅಕ್ಕನ ಪೂರ್ತಿ ಹೆಸರು, ಪದ್ಮಾವತಿ, ಚನ್ನಪಟ್ಟಣ. ಒಂದೇ ಒಂದು ಪ್ರತಿ ಕಳಿಸಿದ್ದರು. ಅಪ್ಪ ಅದನ್ನು ತಿರುಗಿಸಿ ನೋಡಿ, "ಅಡುಗೆಮನೇಲಿ ಉಪ್ಪು ಎಲ್ಲೈತೆ ಅಂತ ಗೊತ್ತಿಲ್ಲ, ನಕ್ಷತ್ರ ಎಲ್ಲೈತೆ ಅಂತ ಬರೀತಾಳೆ" ಎಂದ. ಬೈದದ್ದೇ ಆದರೂ ಬಂದ ಗಿರಾಕಿಗಳಿಗೆಲ್ಲ ತೋರಿಸಿದ. ಅಕ್ಕ ಎಷ್ಟೋ ದಿನ ಅಂಚೆಯವನ ದಾರಿ ನೋಡಿದಳು, ಯಾರಾದರೂ ಓದಿದವರು ಒಂದು ಸಾಲು ಬರೆದಾರು ಎಂದು. ಯಾರೂ ಬರೆಯಲಿಲ್ಲ.

ಅವಳನ್ನು ಮರಳವಾಡಿ ಕಡೆಗೆ ಕೊಟ್ಟೆವು. ರೇಷ್ಮೆ ಹುಳು ಸಾಕುವ ಮನೆ. ಹೊರಡುವಾಗ ಆ ಪತ್ರಿಕೆಯನ್ನು ನನ್ನ ಕೈಗಿಟ್ಟು, "ನಿನ್ನತ್ರ ಇರ್ಲಿ ಕಣ್ಲಾ. ಅಲ್ಲಿ ಯಾರಾದ್ರೂ ಒಲೆಗೆ ಹಾಕ್ಬುಡ್ತಾರೆ" ಎಂದಳು. ನಾನು ಟ್ರಂಕಿನಲ್ಲಿಟ್ಟೆ. ಅವಳು ನಂಬಿದ್ದು ನನ್ನನ್ನು.

ಅಕ್ಕನ ಮದುವೆಯಾಗಿ ಎರಡು ಮೂರು ವರ್ಷವಾಗಿರಬೇಕು. ದಸರೆಗೆ ಮೈಸೂರಿಗೆ ಹೋದವರು ವಾಪಸಾಗುವ ಕಾಲ, ಬಸ್ಸಿನ ಹಿಂದೆ ಬಸ್ಸು. ಅಂಗಡಿಯ ಮುಂದೆ ಜನ ಮುಗಿಬಿದ್ದಿದ್ದಾರೆ, ಸುತ್ತುವ ಕಾಗದ ಮುಗಿದಿದೆ, ಡ್ರೈವರ್ ಹಾರ್ನ್ ಮೇಲೆ ಹಾರ್ನ್. ನಾನು ಒಳಗೆ ಓಡಿ ಟ್ರಂಕ್ ತೆಗೆದೆ. ಕೈಗೆ ಸಿಕ್ಕಿದ್ದು ಯಾವುದೆಂದು ನೋಡಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ನೋಡಿದೆ. ಅಕ್ಕನ ಹೆಸರು ಕಣ್ಣಿಗೆ ಬಿತ್ತು. ಇನ್ನೊಂದು ಪ್ರತಿ ತರಿಸಿದರಾಯಿತು ಎಂದುಕೊಂಡೇ ಹರಿದೆ. ಒಂದು ಹಾಳೆಗೆ ಬುಗುರಿ, ಒಂದು ಹಾಳೆಗೆ ಗಿಲಕಿ — ಅಕ್ಕನ ಹೆಸರಿದ್ದ ಹಾಳೆ ಯಾವ ಗೊಂಬೆಗೆ ಸುತ್ತಿಕೊಂಡು ಯಾವ ಊರಿಗೆ ಹೋಯಿತೋ. ಆಮೇಲೆ ವಿಚಾರಿಸಿದರೆ ಪತ್ರಿಕೆಯೇ ನಿಂತುಹೋಗಿತ್ತು.

ಅಕ್ಕ ಕೇಳಿದಾಗ ಗೆದ್ದಲು ತಿಂದಿತು ಎಂದೆ. ಅವಳ ಮುಖ ಒಂದು ಕ್ಷಣ ಹೇಗೋ ಆಯಿತು. ಮರುಕ್ಷಣ ನನಗೇ ಸಮಾಧಾನ ಹೇಳಿದಳು. "ಹೋಗ್ಲಿ ಬುಡ್ಲಾ. ಯಾರು ಓದಿದ್ರು ಅದ್ನ." ಆಮೇಲೆ ಅವಳು ಏನೂ ಬರೆಯಲಿಲ್ಲ. ಹುಳುಗಳಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುವವಳಿಗೆ ಪುರುಸೊತ್ತು ಎಲ್ಲಿ ಎಂದು ನಾನು ನನಗೇ ಹೇಳಿಕೊಂಡೆ. ಅಂಥ ಮಾತುಗಳನ್ನು ನಾನು ಬಹಳ ಚೆನ್ನಾಗಿ ಹೇಳಿಕೊಳ್ಳುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಅವಿವೇಕ ಎಂದು ಮರೆಯಬಹುದಿತ್ತು. ನಿಲ್ಲಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಒಂದು ಅವರೆಕಾಯಿ ಕಾಲದಲ್ಲಿ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಅಪ್ಪ ಆಗಲೇ ತೀರಿಕೊಂಡಿದ್ದ, ಅಂಗಡಿ ನನ್ನದಾಗಿತ್ತು. ಮಧ್ಯಾಹ್ನ ಒಬ್ಬರು ಹೆಂಗಸು ಬಂದರು. ರಾಮನಗರದವರು, ನಸೀಮಾ ಎಂದು ಹೆಸರು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗೊಂಬೆ ನೋಡಿದರು, ಬೆಲೆ ಕೇಳಿದರು, ಆದರೂ ಹೋಗಲಿಲ್ಲ. ಆಮೇಲೆ ನಗುತ್ತಾ ಕೇಳಿದರು.

"ಅಣ್ಣ, ಹಿಂಗೆ ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡಿ. ನಾನು ಚಿಕ್ಕೋಳಿದ್ದಾಗ ನಮ್ಮ ಅಬ್ಬಾ ಇದೇ ಅಂಗಡೀಲಿ ಆಟದ ಅಡುಗೆ ಸಾಮಾನು ಕೊಡಿಸಿದ್ರು. ಅದಕ್ಕೆ ಸುತ್ತಿದ್ದ ಕಾಗದದಲ್ಲಿ ಒಂದು ಕಥೆ ಇತ್ತು. ತಲೆಯೂ ಇಲ್ಲ, ಬಾಲವೂ ಇಲ್ಲ, ನಡುವಿನ ನಾಲ್ಕು ಪುಟ."

ಅವರ ತಂದೆಯದ್ದು ರೇಷ್ಮೆ ನೂಲು ತೆಗೆಯುವ ಘಟಕವಂತೆ. ಮನೆಯಲ್ಲಿ ಬೇರೆ ಪುಸ್ತಕವಿರಲಿಲ್ಲ, ಆ ನಾಲ್ಕು ಪುಟಗಳನ್ನು ಕಾಗದ ಸವೆದು ಹೋಗುವವರೆಗೆ ಓದಿದರಂತೆ. ಉತ್ತರ ಯಾಕೆ ತಡವಾಗುತ್ತದೆ ಎಂದು ತಿಳಿಯಬೇಕೆಂದೇ ವಿಜ್ಞಾನ ಓದಿದರಂತೆ. ಪ್ರತಿ ವರ್ಷ ಬೆಳಕಿನ ವೇಗದ ಪಾಠಕ್ಕೆ ಮೊದಲು ಮಕ್ಕಳಿಗೆ ಆ ಕಥೆಯನ್ನೇ ಹೇಳುತ್ತಾರಂತೆ. ಹೇಳಿ, ಅಲ್ಲೇ ನಿಂತುಕೊಂಡು ನನಗೂ ಹೇಳಿದರು — ನೀರು ತುಂಬಿಸಿದ್ದು, ಯುಗಾದಿ, ದೀಪಾವಳಿ. "ಇನ್ನು ಒಂದೇ ಒಂದು ಪ್ರಶ್ನೆ ಕೇಳೋಕೆ ಆಗೋದು, ಅದಕ್ಕೆ ಉತ್ತರ ಬರೋ ಹೊತ್ತಿಗೆ ತಾನು ಇರ್ತೀನೋ ಇಲ್ವೋ ಅಂತ ಅಕ್ಕನಿಗೆ ಗೊತ್ತಾಗುತ್ತೆ. ಏನು ಕೇಳ್ಬೇಕು ಅಂತ ಯೋಚಿಸ್ತಾ ಕೂತಿರ್ತಾಳೆ. ಅಲ್ಲಿಗೆ ಕಾಗದ ಮುಗೀತು. ಯಾರು ಬರೆದದ್ದು ಅಂತ ನಿಮಗೇನಾದ್ರೂ ಗೊತ್ತಾ?"

ನಡುಮನೆಯಿಂದ ಅಕ್ಕನ ದನಿ. "ಯಾರ್ಲಾ ಅದು? ಅಷ್ಟೊತ್ನಿಂದ ಮಾತಾಡ್ತಾವ್ರೆ?"

ನಾನು ಹಿಂತಿರುಗಿ ಕೂಗಿದೆ. "ಯಾರೋ ಗಿರಾಕಿ ಕಣಕ್ಕ. ಕುದುರೆ ಕೇಳ್ತಾವ್ರೆ."

ಆಮೇಲೆ ಟೀಚರ್ ಕಡೆ ತಿರುಗಿ, "ಗೊತ್ತಿಲ್ಲ ಮೇಡಂ. ತೂಕಕ್ಕೆ ತರೋ ಕಾಗದ, ಎಲ್ಲೀದು ಅಂತ ಹೇಳೋದು?" ಎಂದೆ.

ಯಾಕೆ? ಅಕ್ಕ ಹೊರಗೆ ಬಂದರೆ ಸಂತೋಷಪಡುತ್ತಾಳೆ, ಆಮೇಲೆ ಒಂದು ಮಾತು ಕೇಳುತ್ತಾಳೆ — ಗೆದ್ದಲು ತಿಂದದ್ದು ಇವರ ಗೊಂಬೆಗೆ ಹೇಗೆ ಸುತ್ತಿತ್ತು ಎಂದು. ಅಷ್ಟೇ. ಆ ಒಂದು ಪ್ರಶ್ನೆಗೆ ಹೆದರಿ, ಅವಳು ಇಪ್ಪತ್ತು ವರ್ಷ ಕಾದಿದ್ದ ಓದುಗರನ್ನು ನಾನು ಅಂಗಡಿಯ ಮೆಟ್ಟಿಲಿಂದಲೇ ತಿರುಗಿಸಿ ಕಳಿಸಿದೆ. ಟೀಚರ್ ಒಂದು ಮರದ ಕುದುರೆ ಕೊಂಡುಕೊಂಡು ಹೋದರು. ನಾನು ಒಳಗೆ ಹೋಗಿ, "ಸಾರಿಗೆ ಸಾಕಾಯ್ತೇನಕ್ಕ ಕಾಳು?" ಎಂದು ಕೇಳಿದೆ. ಅವತ್ತು ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡೆ ಕೂಡ.

ಆಮೇಲೂ ವರ್ಷ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ಮರಳವಾಡಿಗೆ ಹೋದೆ. ಮೊರದಲ್ಲಿ ಬಳೆ, ಅರಿಶಿನ, ಸೀರೆ ಎಲ್ಲ ಇರುತ್ತಿತ್ತು. ಈ ಮಾತೊಂದನ್ನು ಕೊಡಲಿಲ್ಲ. ಒಮ್ಮೆ ಅಕ್ಕನ ಮಗಳು ಸುಮಾ ಶಾಲೆಯಲ್ಲಿ ಏನೋ ಬರೆದು ಬಹುಮಾನ ತಂದಿದ್ದಳು. ಅಕ್ಕ ಅದನ್ನು ಓದಿ ಮಡಿಸಿಟ್ಟು, "ಚೆನ್ನಾಗೈತೆ. ಆದ್ರೆ ಇದ್ನೆಲ್ಲಾ ನೆಚ್ಕೊಬ್ಯಾಡ ಮಗ, ಯಾರೂ ಓದಲ್ಲ" ಎಂದಳು. ನಾನು ಎದುರಿಗೇ ಕೂತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು — ಬಂದದ್ದನ್ನು ಕಾಫಿಯ ಜೊತೆ ನುಂಗಿದೆ. ಅಕ್ಕ ತೀರಿಕೊಂಡಾಗ ನಾನು ಅತ್ತದ್ದನ್ನು ಕಂಡು ಜನ, ತಮ್ಮನೆಂದರೆ ಹೀಗಿರಬೇಕು ಎಂದರು.

ಹೋದ ತಿಂಗಳು ಸುಮಾ ಕನಕಪುರದಿಂದ ನನ್ನನ್ನು ನೋಡಲು ಬಂದಿದ್ದಳು. ಈಗ ಅವಳಿಗೂ ನರೆ ಬಂದಿದೆ. ಫೋನು ನೋಡುತ್ತಾ ಕೂತವಳು ತಲೆ ಎತ್ತಿದಳು.

"ಮಾವ, ಒಸಿ ಕೇಳಿ. ಕಥೆ ಓದೋರ ಗುಂಪಲ್ಲಿ ಯಾರೋ ರಾಮನಗರದ ರಿಟೈರ್ಡ್ ಟೀಚರು ಒಂದು ಕಥೆ ಹುಡುಕ್ತಾವ್ರೆ. ಎಷ್ಟು ಚೆಂದಾಗೈತೆ ಅಂತೀರಾ."

ಓದತೊಡಗಿದಳು. ಊಟ ಆಯ್ತೇನೋ. ಯುಗಾದಿ. ದೀಪಾವಳಿ. ತನ್ನ ತಾಯಿ ಬರೆದದ್ದನ್ನು, ತಾಯಿಯದ್ದೆಂದು ತಿಳಿಯದೆ, ತಾಯಿಯ ದನಿಯಲ್ಲೇ ಓದುತ್ತಿದ್ದಳು. ಕೆಳಗೆ ಜನ ಏನೇನೋ ಹೆಸರು ಹೇಳಿದ್ದರು. ಒಬ್ಬ ಮಹಾಶಯ ಇದು ರಷ್ಯನ್ ಕಥೆಯ ಅನುವಾದವೇ ಸೈ ಎಂದು ಹಟ ಹಿಡಿದಿದ್ದ. ರಷ್ಯಾ ಅಂತೆ! ನಮ್ಮ ಅಂಗಡಿಯ ರದ್ದಿ ರಾಶಿಗೆ ಒರಗಿ ಕೂತು ಬರೆದದ್ದು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಬಾಯಿಂದ ಬಂದುಬಿಟ್ಟಿತು.

"ಯಾವ ರಷ್ಯಾ? ಅದು ನಿಮ್ಮವ್ವ ಬರ್ದದ್ದು."

"ತಮಾಷೆ ಮಾಡ್ಬ್ಯಾಡಿ ಮಾವ" ಎಂದು ನಕ್ಕಳು. ನಾನು ನಗಲಿಲ್ಲ. "ನಮ್ಮವ್ವ ಕಥೆ ಬರೀತಿದ್ಲಾ?" ಎಂದಳು. ಆಮೇಲೆ ಎಲ್ಲ ಹೇಳಿದೆ — ಟ್ರಂಕು, ಗೆದ್ದಲು, ಕುದುರೆ ಕೇಳ್ತಾವ್ರೆ ಎಂದದ್ದು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣೊರೆಸಿಕೊಂಡು ಆ ಟೀಚರಿಗೆ ಸಂದೇಶ ಬರೆದಳು.

ಅರ್ಧ ಗಂಟೆಯಲ್ಲಿ ಫೋನು ಬಂತು. ಸುಮಾ ದನಿ ಜೋರಾಗಿ ಕೇಳುವಂತೆ ಇಟ್ಟಳು.

"ನಾನು ನಸೀಮಾ. ಹೆಸರು ಏನಂದ್ರಿ? ಪದ್ಮಾವತಿ ಅಲ್ವಾ? ಇಷ್ಟು ಹತ್ತಿರದವ್ರಾ? ಇದ್ದಾರಾ? ಒಂದೇ ಒಂದ್ಸಲ ನೋಡ್ಬೇಕು ಅವರನ್ನ."

ಸುಮಾ ಫೋನನ್ನು ನನ್ನ ಮುಂದೆ ಸರಿಸಿದಳು.

"ತೀರಿಕೊಂಡ್ಲು ಮೇಡಂ, ಕೆಲವು ವರ್ಷ ಆಯ್ತು. ನಾನು ಅವಳ ತಮ್ಮ, ಗೊಂಬೆ ಅಂಗಡಿಯವನು. ನೀವು ಅವತ್ತು ಬಂದಾಗ... ಒಳಗೇ ಇದ್ಲು."

"ಒಳಗಿಂದ ಯಾರೋ ಕೂಗಿದ್ರಲ್ಲ..."

"ಅವಳೇ."

ಫೋನು ಇಟ್ಟುಬಿಟ್ಟರು ಎಂದುಕೊಂಡೆ. ಇಟ್ಟಿರಲಿಲ್ಲ.

"ನಾನು ಓದಿದ್ದೆ ಅಂತ ಅವರಿಗೆ ಗೊತ್ತಾಗ್ಲೇ ಇಲ್ವಾ?"

"ಇಲ್ಲ."

ಕೊನೆಗೆ, ಮಗುವನ್ನು ಕೇಳುವಷ್ಟು ಮೆಲ್ಲಗೆ ಕೇಳಿದರು. "ಕಥೇಲಿ ಆ ಅಕ್ಕ ಕಡೇಗೆ ಏನು ಕೇಳಿದ್ಲು? ಅದನ್ನಾದ್ರೂ ಹೇಳಿ."

ಅಚ್ಚಾದ ದಿನ ಅಕ್ಕ ಅದನ್ನು ನನಗೆ ಓದಿ ಹೇಳಿದ್ದಳು. ಮುಗಿಯಲು ಒಂದು ಪುಟ ಇರುವಾಗ ಅಂಗಡಿಯ ಮುಂದೆ ಬಸ್ಸು ನಿಂತಿತು, ಆಮೇಲೆ ಕೇಳುತ್ತೇನೆ ಎಂದು ಎದ್ದು ಓಡಿದೆ. ಆಮೇಲೆ ಕೇಳಲಿಲ್ಲ. ಟ್ರಂಕಿನಲ್ಲಿ ಅಷ್ಟು ಕಾಲ ಇದ್ದರೂ ತೆರೆದು ಓದಲಿಲ್ಲ. ಏನಾದರೂ ಚೆಂದದ್ದು ಕಟ್ಟಿ ಹೇಳಬಹುದಿತ್ತು, ಟೀಚರ್ ನಂಬುತ್ತಿದ್ದರು. ಅಕ್ಕನಾಗಿದ್ದರೆ ಕಟ್ಟುತ್ತಿದ್ದಳು, ಅವಳಿಗೆ ಆ ಹಕ್ಕಿತ್ತು.

"ಗೊತ್ತಿಲ್ಲ ಮೇಡಂ" ಎಂದೆ.

ಸುಮಾ ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು, ಇದಾದರೂ ನಿಜವೋ ಎಂದು. ನಿಜ. ಆದರೆ ನಂಬು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.