ಕಿಟಕಿಯಾಚೆಯ ಮುನಿರಾಜಣ್ಣ

ಮುನಿರಾಜಣ್ಣ ರಿಪೇರಿಗೆ ಬಂದವರೇ ಮೆಷಿನ್ ಮುಟ್ಟುತ್ತಿರಲಿಲ್ಲ. ಮೊದಲು ಗೋಡೆ ಮುಟ್ಟುತ್ತಿದ್ದರು. ಅಂಗೈ ಒತ್ತಿ, ಕಣ್ಣು ಮುಚ್ಚಿ, ಮಗುವಿನ ಹಣೆ ಮುಟ್ಟಿ ನೋಡುವ ಅಜ್ಜಿಯ ಹಾಗೆ ನಿಲ್ಲುತ್ತಿದ್ದರು. "ಮೆಷಿನ್ ಸುಳ್ಳು ಹೇಳ್ತದಮ್ಮ, ಗೋಡೆ ಹೇಳಲ್ಲ" ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅವರು ಮುಟ್ಟಿದ್ದೆಲ್ಲ ಹೊರಗೋಡೆಯನ್ನೇ.

ಶಿಡ್ಲಘಟ್ಟದ ಅಂಚಿನಲ್ಲಿ ನಮ್ಮದು ಚಾಕಿ ಮನೆ. ಮೊಟ್ಟೆಯೊಡೆದ ರೇಷ್ಮೆಹುಳವನ್ನು ಎರಡು ಜ್ವರ ದಾಟಿಸಿ ರೈತರಿಗೆ ಕೊಡುತ್ತೇವೆ. ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ಸುಮ್ಮನಾಗುವುದಕ್ಕೆ ಇಲ್ಲಿ ಜ್ವರ ಅಂತಲೇ ಹೆಸರು. ಎಳೆಹುಳಕ್ಕೆ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿ ಕಾವು ಬೇಕು. ಬೇಸಿಗೆಯಲ್ಲಿ ಎ.ಸಿ., ಚಳಿಯಲ್ಲಿ ಹೀಟರ್. ಯಜಮಾನರು ಹುಳ ತಲುಪಿಸಲು ಚಿಂತಾಮಣಿ ಕಡೆ ಓಡಾಡುತ್ತಾರೆ. ಅತ್ತೆಗೆ ಕಣ್ಣು ಮಂದ, ಥರ್ಮಾಮೀಟರ್ ಕಾಣದು. ಗಂಟೆಗೊಮ್ಮೆ ಕಾವು ನೋಡುವವಳು ನಾನೇ. ಹುಳವಿದ್ದಾಗ ಊದುಬತ್ತಿ ಹಚ್ಚುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ಘಮ್ಮೆನ್ನುವ ಒಗ್ಗರಣೆ ಹಾಕುವಂತಿಲ್ಲ. ಬರೀ ದೀಪವಿಟ್ಟು, "ಇಷ್ಟೇ ಕಣಪ್ಪ ನನ್ನ ಕೈಲಾಗೋದು, ಒಪ್ಪಿಸ್ಕೋ" ಎಂದು ಕೈಮುಗಿಯುತ್ತೇನೆ. ಒಂದು ಸರದಿ ಹುಳ ಹೋಯಿತೆನ್ನುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ತವರು ತೊಂಡೇಬಾವಿ ದೂರವೇನಲ್ಲ. ಆದರೂ ಅಮ್ಮನ ಮುಖ ನೋಡಿ ವರ್ಷ ದಾಟಿತ್ತು.

ಮೊದಲು ಚಳಿಗಾಲದಲ್ಲಿ ಬಾಣಲೆಯಲ್ಲಿ ಕೆಂಡ ಇಡುತ್ತಿದ್ದೆವು. ಕಾವು ಹೋಗದಿರಲೆಂದು ಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆದಿದ್ದೆವು. ಒಂದು ಬೆಳಿಗ್ಗೆ ಕೆಂಡದ ವಿಷಗಾಳಿಗೆ ಒಳಗೇ ತಲೆಸುತ್ತಿ ಬಿದ್ದೆ. ಬಾಗಿಲ ಹತ್ತಿರ ಬಿದ್ದದ್ದು ದೇವರ ದಯೆ. ಆಮೇಲೆ ಹೀಟರ್ ತಂದು, ಜೋಡಿಸಲು ಮುನಿರಾಜಣ್ಣನನ್ನು ಕರೆಸಿದರು.

ಅವರು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಕೂಲಿಂಗ್ ಮೆಷಿನ್ ನೋಡಿಕೊಂಡಿದ್ದವರು. ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಗೆ ಬುದ್ಧನ ಪುಟ್ಟ ಪಟ. ಬಂದವರು ಚಪ್ಪಲಿ ಬಿಟ್ಟು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿದರು. ಅತ್ತೆ ಅಡ್ಡ ನಿಂತರು.

"ಹೊರಗಿನೋರು ಹುಳದ ಮನೆಗೆ ಬರಂಗಿಲ್ಲಪ್ಪ. ಹುಳಕ್ಕೆ ಆಗಲ್ಲ."

ಅಂದು ಬೆಳಿಗ್ಗೆ ತಾನೇ ಪಕ್ಕದ ತೋಟದವರು ಅದೇ ನೀರಿನಲ್ಲಿ ಕಾಲದ್ದಿ ಒಳಗೆ ಸೊಪ್ಪು ಇಳಿಸಿ ಹೋಗಿದ್ದರು. ಹುಳ ನೆಪ, ಜಾತಿ ನಿಜ. ನನಗೆ ಗೊತ್ತಾಯಿತು. ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಮುನಿರಾಜಣ್ಣ ಚಪ್ಪಲಿ ಮೆಟ್ಟಿಕೊಂಡು ಕಿಟಕಿಯ ಬಳಿ ಬಂದರು. "ಸರಿ ಅಮ್ಮ. ಹಂಗಾದ್ರೆ ಕೈ ನಿಮ್ದು, ತಲೆ ನಂದು."

ಮೀಟರ್ ಬೋರ್ಡು ವರಾಂಡದಲ್ಲಿತ್ತು. ಫ್ಯೂಸ್ ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡು, ಜೇಬು ತಟ್ಟಿ ತೋರಿಸಿದರು. "ಕರೆಂಟು ಇಲ್ಲ ಈಗ. ಹೆದರ್ಬೇಡಿ. ಆದ್ರೂ ಟೆಸ್ಟರ್ ಇಟ್ಟು ನೋಡಿ, ನನ್ನನ್ನೂ ನಂಬಬೇಡಿ." ಸರಳಿನ ಸಂದಿಯಿಂದ ಸ್ಕ್ರೂ ಡ್ರೈವರ್ ಬಂತು, ಮೊಳೆ ಬಂತು, ಬುದ್ಧಿಮಾತೂ ಬಂತು. ಹೀಟರನ್ನು ಪ್ಲಾಸ್ಟಿಕ್ಕಿನಿಂದ, ತಟ್ಟೆಗಳಿಂದ ಮಾರು ದೂರ ಇಡಿ. ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ಒಂದು ಬೆರಳಾದರೂ ತೆರೆದಿರಲಿ. ಎ.ಸಿ. ಜಾಲರಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ನೀರಿನ ಪೈಪು ಎಲ್ಲೂ ಮೇಲೆದ್ದಿರಬಾರದು, ಇಳಿಜಾರಾಗೇ ಹೋಗಬೇಕು. ಬಿಸಿಲು ಬೀಳದಿರಲೆಂದು ನಾನು ಎ.ಸಿ.ಯ ಹೊರಗಿನ ಡಬ್ಬಕ್ಕೆ ಹಳೇ ಸೀರೆ ಸುತ್ತಿದ್ದೆ. ಅದನ್ನು ಬಿಚ್ಚಿ ಮಡಿಸಿ ಕೈಗೆ ಕೊಟ್ಟರು. "ನೆರಳು ಬೇಕು ನಿಜ. ಮುಖಕ್ಕೆ ಬಟ್ಟೆ ಕಟ್ಟಿದ್ರೆ ನೀವು ಉಸಿರಾಡ್ತೀರಾ?"

ನನ್ನಿಂದ ಇನ್ನೊಂದು ತಪ್ಪೂ ಆಯಿತು. ಆಯುಧಪೂಜೆಯ ದಿನ ಎ.ಸಿ.ಗೆ, ಹೀಟರಿಗೆ ಅರಿಶಿನ ಕುಂಕುಮ ಇಟ್ಟೆ. ಹೀಟರಿನ ಕಾವು ಅಳೆಯುವ ಪುಟ್ಟ ಬುರುಡೆಗೂ ಭಕ್ತಿಯಿಂದ ದಪ್ಪಗೆ ಮೆತ್ತಿದೆ. ಮಾರನೇ ದಿನದಿಂದ ಹೀಟರ್ ಹೊತ್ತಿಗೆ ಸರಿಯಾಗಿ ನಿಲ್ಲಲೊಲ್ಲದು. ಸೊಪ್ಪು ಬಾಡಿತು, ಹುಳ ಚಡಪಡಿಸಿದವು. ಮುನಿರಾಜಣ್ಣ ಹೊರಗೋಡೆ ಮುಟ್ಟಿ, ಕಿಟಕಿಯಲ್ಲಿ ಇಣುಕಿ, ಜೋರಾಗಿ ನಕ್ಕರು.

"ಅಯ್ಯೋ ತಾಯಿ, ದೇವರಿಗಾದ್ರೆ ಹಣೆ ಐತೆ. ಇದಕ್ಕೆ ಇರೋದು ಮೂಗೊಂದೇ. ಮೂಗಿಗೆ ಯಾರಾದ್ರೂ ಕುಂಕುಮ ಮೆತ್ತತಾರಾ?"

ಅತ್ತೆ ಕೂಡ ಸೆರಗು ಬಾಯಿಗಿಟ್ಟು ನಕ್ಕರು. ನಕ್ಕರೇ ಹೊರತು ಒಳಗೆ ಕರೆಯಲಿಲ್ಲ.

ಕಳೆದ ಚಳಿಗಾಲ. ಯಜಮಾನರು ಚಿಂತಾಮಣಿಗೆ ಹೋಗಿದ್ದರು. ಹುಳ ಎರಡನೇ ಜ್ವರಕ್ಕೆ ಕೂತಿದ್ದವು. ಬೆಳಿಗ್ಗೆ ತಮ್ಮ ಫೋನ್ ಮಾಡಿದ. "ಅಕ್ಕಾ, ಅಮ್ಮ ಎರಡು ದಿನದಿಂದ ಏನೂ ತಿಂದಿಲ್ಲ ಕಣೇ. ನಿನ್ನನ್ನೇ ಕೇಳ್ತಾ ಅವ್ಳೆ." ನಾನು ಥರ್ಮಾಮೀಟರ್ ಎದುರು ಅಳುತ್ತಾ ನಿಂತೆ. ಹೊರಗಿನ ಡಬ್ಬ ನೋಡಲು ಬಂದಿದ್ದ ಮುನಿರಾಜಣ್ಣನಿಗೆ ಕಿಟಕಿಯಿಂದಲೇ ಎಲ್ಲ ಕೇಳಿಸಿತ್ತು.

"ಥರ್ಮಾಮೀಟರ್ ತಂದು ಈ ಸರಳಿಗೆ ಕಾಣಂಗೆ ನೇತಾಕಿ. ಹೋಗ್ಬನ್ನಿ. ನಾನು ಹೊರಗೇ ಕೂತಿರ್ತೀನಿ."

"ಸಾಯಂಕಾಲದ ತನಕ ಹೊರಗೇನಾ ಅಣ್ಣ?"

"ಹೊರಗೆ ಕೂರಕ್ಕೆ ಯಾರೂ ಬೇಡ ಅನ್ನಲ್ವಲ್ಲಮ್ಮ."

ಅವರು ನಗುತ್ತಲೇ ಹೇಳಿದ್ದು. ನಾನು ತಲೆ ತಗ್ಗಿಸಿ ಥರ್ಮಾಮೀಟರ್ ತಂದು ಸರಳಿಗೆ ನೇತುಹಾಕಿದೆ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹೋದೆ. ಅಮ್ಮನಿಗೆ ಗುರುತು ಸಿಕ್ಕಿತು. ನನ್ನ ಕೈಯಿಂದ ಅರ್ಧ ಲೋಟ ರಾಗಿ ಗಂಜಿ ಕುಡಿದಳು. ಅದಾಗಿ ನಾಲ್ಕು ದಿನಕ್ಕೆ ಹೋದಳು. ಆ ಅರ್ಧ ಲೋಟಕ್ಕೆ ನಾನು ದಿನಾ ದೇವರಿಗೆ ಕೈಮುಗಿಯುತ್ತೇನೆ.

ಗಂಜಿ ಕುಡಿಸಿ ಅವತ್ತೇ ಹಿಂತಿರುಗಿದಾಗ ದೀಪ ಹಚ್ಚುವ ಹೊತ್ತು. ಮುನಿರಾಜಣ್ಣ ಒಗೆಯುವ ಕಲ್ಲಿನ ಮೇಲೆ ಕೂತು ಕಿಟಕಿಯನ್ನೇ ನೋಡುತ್ತಿದ್ದರು. "ಅಜ್ಜೀ, ಮೇಲಿನ ಕಿಂಡಿ ಇನ್ನೊಂಚೂರು ಮುಚ್ಚಿ. ಅಷ್ಟೇ. ಸಾಕು" ಎಂದು ಅವರು ಕೂಗಿದರೆ ಒಳಗಿಂದ ಅತ್ತೆ "ಹೂಂ" ಅನ್ನುತ್ತಿದ್ದರು. ದಿನವೆಲ್ಲ ಅತ್ತೆಯೇ ಅವರ ಕೈಯಾಗಿದ್ದರು.

ನಾನು ಕಾಲು ತೊಳೆದು ಒಳಗೆ ಹೋಗಿ, ಹುಳದ ಮನೆಯ ಬಾಗಿಲನ್ನು ಅಗಲಕ್ಕೆ ತೆರೆದು ಹೊಸಿಲಲ್ಲಿ ನಿಂತೆ. ಇಷ್ಟು ವರ್ಷ ಆಡದ ಮಾತು. "ಒಳಗೆ ಬನ್ನಿ ಅಣ್ಣ."

ಅತ್ತೆ ಈ ಸಲ ಅಡ್ಡ ನಿಲ್ಲಲಿಲ್ಲ. ಬೇಡ ಅನ್ನಲಿಲ್ಲ.

ಮುನಿರಾಜಣ್ಣ ಎದ್ದರು. ಬಾಗಿಲ ಪಕ್ಕದ ಗೋಡೆಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ ತೆರೆದರು. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಆಗಲೇ. ಮುಂದಿನ ಸರದಿಯ ಹುಳ ಬರುವ ಮೊದಲೇ ಅವರಿಗೆ ಎದೆನೋವು ಬಂತಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ಸುದ್ದಿ ಬಂದಾಗಲೂ ನಾನು ಥರ್ಮಾಮೀಟರ್ ಮುಂದೆಯೇ ಇದ್ದೆ.

ಒಳಗೆ ಕರೆದ ಆ ಸಂಜೆ ಅವರು ಹೊಸಿಲಾಚೆಯೇ ಪೆಟ್ಟಿಗೆ ಎತ್ತಿಕೊಂಡು ಮೆಲ್ಲಗೆ ಹೇಳಿದರು:

"ಹುಳ ಜ್ವರದಲ್ಲಿ ಅವೆ. ಬಾಗಿಲು ಮುಚ್ಚಿ ಅಮ್ಮ, ಕಾವು ಹೋಗ್ತದೆ."

ನಾನು ಮುಚ್ಚಿದೆ.